ಸಂಸಾರವೇ ನಾವಿಕರಾದ ದೋಣಿ

ಸಮುದ್ರಯಾನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವವರು ಕೊಲಂಬಸ್, ವಾಸ್ಕೋ ಡ ಗಾಮಾ ಮೊದಲಾದವರು. ಅರಸರ ಬೊಕ್ಕಸ, ತೋಪುಗಳು, ನೂರಾರು ಮಂದಿ ಆಳುಗಳು ಇಲ್ಲದೆ ಕಡಲಿನ ಚರಿತ್ರೆಯೇ ಇಲ್ಲವೆಂಬ ಭಾವನೆ ಪಠ್ಯಪುಸ್ತಕಗಳಿಂದ ನಮ್ಮಲ್ಲಿ ಬೇರೂರಿದೆ. ಆದರೆ ಗಂಡ, ಹೆಂಡತಿ ಮತ್ತು ಇಬ್ಬರು ಮಕ್ಕಳು ತಾವೇ ಕಟ್ಟಿಕೊಂಡ ದೋಣಿಯಲ್ಲಿ, ಒಂದೊಂದು ಪಟ್ಟಣದ ಬಳಿಯೂ ಲಂಗರು ಹಾಕುತ್ತ, ಬ್ರೆಜಿಲ್ ದೇಶದಿಂದ ಅಮೆರಿಕ ಸಂಯುಕ್ತ ಸಂಸ್ಥಾನದವರೆಗೆ ಸುಮಾರು 5,500 ಮೈಲಿ ಸಾಗಿದ ಕಥೆಯೂ ಉಂಟು. ಅದು 1888ರಲ್ಲಿ ನಡೆಯಿತು. ಆ ಯಾನ ಹೇಗೆ ಸಾಧ್ಯವಾಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸಂಸಾರದ ಯಜಮಾನ ಜೋಶುವಾ ಸ್ಲೋಕಮ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1844ರಲ್ಲಿ ಹುಟ್ಟಿದ ಈತ ಹತ್ತನೆಯ ವಯಸ್ಸಿನ ಸುಮಾರಿಗೆ ಶಾಲೆ ಬಿಟ್ಟು, ಬೂಟು ಹೊಲಿಯುವ ತಂದೆಯ ಕೆಲಸಕ್ಕೆ ಕೈ ಹಚ್ಚಿದವನು. ಅನಂತರ ಕಡಲಿಗಿಳಿದು, ಕೆಳಗಿನ ಆಳಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಕಪ್ತಾನನಾದನು. ಮೊದಲ ಹೆಂಡತಿ ವರ್ಜೀನಿಯಾ 1884ರಲ್ಲಿ ತೀರಿಕೊಂಡ ಮೇಲೆ, 1886ರಲ್ಲಿ ಹೆಟ್ಟಿ ಎಂಬಾಕೆಯನ್ನು ವರಿಸಿದನು. ಆಕೆಯನ್ನೂ, ಮೊದಲ ಹೆಂಡತಿಯ ಮಕ್ಕಳಾದ ವಿಕ್ಟರ್ ಮತ್ತು ಗಾರ್‌ಫೀಲ್ಡರನ್ನೂ ಕರೆದುಕೊಂಡು ‘ಅಕ್ವಿಡ್ನೆಕ್’ ಎಂಬ ತನ್ನ ಸ್ವಂತ ಹಡಗಿನಲ್ಲಿ ದಕ್ಷಿಣ ಅಮೆರಿಕದ ವ್ಯಾಪಾರಕ್ಕೆ ಹೊರಟನು.

ಆ ವ್ಯಾಪಾರ ಕೈಗೂಡಲಿಲ್ಲ. ಅರ್ಜೆಂಟೀನಾದಲ್ಲಿ ಒಣಹುಲ್ಲನ್ನು ತುಂಬಿಕೊಂಡು ಬಂದಾಗ, ಅಲ್ಲಿ ಕಾಲರಾ ಹರಡಿದೆಯೆಂಬ ಕಾರಣದಿಂದ ಬ್ರೆಜಿಲ್ಲಿನ ಅಧಿಕಾರಿಗಳು ಇಲ್ಯಾ ಗ್ರಾಂದೆ ಬಂದರಿನಿಂದ ಅವನನ್ನು ಹಿಂದಕ್ಕಟ್ಟಿದರು. ಮುಂದೆ ನಾವಿಕರಿಗೆ ಸಿಡುಬು ತಗುಲಿತು. ಕೊನೆಗೆ 1887ರ ಡಿಸೆಂಬರಿನಲ್ಲಿ ಪರನಗುವಾ ಕೊಲ್ಲಿಯ ಮರಳದಿಣ್ಣೆಗೆ ಹಡಗು ಸಿಕ್ಕಿ ಒಡೆಯಿತು. ಅದಕ್ಕೆ ವಿಮೆಯಿರಲಿಲ್ಲ. ಒಡೆದ ಹಡಗನ್ನು ಮಾರಿ ನಾವಿಕರ ಸಂಬಳ ತೀರಿಸಿದ ಮೇಲೆ ಪರದೇಶದ ದಂಡೆಯಲ್ಲಿ ಈ ನಾಲ್ವರು ಉಳಿದರು.

ಹಡಗೊಡೆದ ನಿರ್ಗತಿಕರೆಂದು ಪರರ ನೆರವಿನಿಂದ ಊರು ಸೇರುವುದು ಸ್ಲೋಕಮ್ಮನ ಮನಸ್ಸಿಗೆ ಒಪ್ಪಲಿಲ್ಲ. ಕೊಡಲಿ, ಬಾಚಿ, ಗರಗಸ, ಬೈರಿಗೆ ಮುಂತಾದ ಕೆಲವೇ ಉಪಕರಣಗಳನ್ನು ಹಿಡಿದು ದೋಣಿ ಕಟ್ಟಲು ನಿಂತನು. ಅಡಿಯ ಹಲಗೆಗಳಿಗೆ ಕಬ್ಬಿಣದಂತೆ ಗಟ್ಟಿಯಾದ ಕಾಡುಮರ, ಪಕ್ಕಗಳಿಗೆ ಹಗುರವಾದ ದೇವದಾರು ಜಾತಿಯ ಮರ. ಒಡೆದ ಹಡಗಿನಿಂದ ಉಳಿಸಿಕೊಂಡ ಸಾಮಾನು ಇಲ್ಲಿ ಕೆಲಸಕ್ಕೆ ಬಂದಿತು. ತಾಮ್ರದ ಕಾಸುಗಳನ್ನೇ ತೂತು ಕೊರೆದು ಮೊಳೆಗಳಿಗೆ ಬಿಲ್ಲೆಗಳನ್ನಾಗಿ ಬಳಸಿದರು. ಸುಮಾರು ಹದಿನಾರು ವರ್ಷದ ವಿಕ್ಟರ್ ಬಡಗಿಯೂ ಹಗ್ಗ ಹೊಸೆಯುವವನೂ ಆದನು. ಬಟ್ಟೆ ಹೊಲಿಯುವುದರಲ್ಲಿ ನುರಿತಿದ್ದ ಹೆಟ್ಟಿ ಹಾಯಿಗಳನ್ನು ಹೊಲಿದಳು. ಏಳು ವರ್ಷದ ಗಾರ್‌ಫೀಲ್ಡ್ ಕೈಗೆ ಸಾಮಾನು ಕೊಡುವವನಾದನು. ಖರ್ಚು ನೂರು ಡಾಲರನ್ನು ಮುಟ್ಟಲಿಲ್ಲ.

ದೋಣಿಯ ಉದ್ದ 35 ಅಡಿ, ಅಗಲ ಏಳೂವರೆ ಅಡಿ, ಆಳ ಮೂರು ಅಡಿ. ನಮ್ಮ ತರಗತಿಯ ಕೋಣೆಯಲ್ಲಿ ಇಷ್ಟು ಉದ್ದವನ್ನು ಅಳೆದು ನೋಡಿದರೆ ಸಂಸಾರವೊಂದು ಎಂಥ ಇಕ್ಕಟ್ಟಿನಲ್ಲಿ ಮಹಾಸಾಗರಕ್ಕಿಳಿಯಿತೆಂಬುದು ಮನದಟ್ಟಾಗುವುದು. ಅದರ ಒಡಲು ಅಮೆರಿಕದ ಮೀನುದೋಣಿ ಮತ್ತು ಜಪಾನಿನ ಸಂಪಾನ್ ದೋಣಿಗಳ ಬೆರಕೆ; ಹಾಯಿಗಳ ರೀತಿ ಚೀನದ್ದು. ಚೀನೀ ಹಾಯಿಗೆ ಅಡ್ಡಡ್ಡಲಾಗಿ ಪಟ್ಟಿಗಳನ್ನು ಕಟ್ಟಿರುತ್ತಾರೆ. ಗಾಳಿ ಬಲಿತಾಗ ಹಗ್ಗವನ್ನು ಸಡಿಲಿಸಿದರೆ ಸಾಕು. ಹಾಯಿ ಬೀಸಣಿಗೆಯಂತೆ ಪಟ್ಟಿ ಪಟ್ಟಿಯಾಗಿ ಮಡಿಚಿಕೊಂಡು ಕಿರಿದಾಗುತ್ತದೆ. ಯಾರೂ ಕೂವೆಮರವನ್ನು ಹತ್ತಬೇಕಾಗಿಲ್ಲ. ಆಳುಗಳಿಲ್ಲದ ಸಂಸಾರಕ್ಕೆ ಇದಕ್ಕಿಂತ ತಕ್ಕ ಏರ್ಪಾಡು ಬೇರಾವುದು? ಇದಲ್ಲದೆ ದೋಣಿಯ ಎರಡು ಪಕ್ಕಗಳಿಗೂ ಬಿದಿರುಗಳನ್ನು ಬಿಗಿದಿದ್ದರು. ಬಿದಿರಿನ ಗೆಣ್ಣುಗಳ ನಡುವೆ ಗಾಳಿ ತುಂಬಿರುವುದರಿಂದ ಅದು ತೇಲುತ್ತದೆ. ದೋಣಿ ಒಂದು ಕಡೆಗೆ ವಾಲಿದಾಗ ಅದನ್ನು ಎತ್ತಿಹಿಡಿಯುತ್ತದೆ.

ದೋಣಿಯನ್ನು ನೀರಿಗಿಳಿಸಿದ ದಿನ 1888ರ ಮೇ 13. ಬ್ರೆಜಿಲ್ಲಿನಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸುವ ಶಾಸನಕ್ಕೆ ರಾಜಕುಮಾರಿ ಇಸಬೆಲ್ ಸಹಿ ಹಾಕಿದ ದಿನವೂ ಅದೇ. ಆದಕಾರಣ ದೋಣಿಗೆ ‘ಲಿಬರ್ದಾದೆ’ ಎಂದು ಹೆಸರಿಟ್ಟರು. ಪೋರ್ಚುಗೀಸ್ ಭಾಷೆಯಲ್ಲಿ ಅದಕ್ಕೆ ಸ್ವಾತಂತ್ರ್ಯವೆಂದು ಅರ್ಥ. ಆದರೆ ಸ್ವಾತಂತ್ರ್ಯಕ್ಕೂ ರಹದಾರಿ ಬೇಕಾಯಿತು! ದೂರದೇಶಕ್ಕೆ ಹೋಗುವ ಪರವಾನಗಿ ದೊರೆಯದೆ, ಅಳಿವೆಯ ಒಳಗೂ ಹೊರಗೂ ಮೀನು ಹಿಡಿಯುವ ಪರವಾನಗಿಯನ್ನು ಪಡೆದು ಜೂನ್ 24ರಂದು ಹೊರಟರು. ಅಳಿವೆಯಿಂದ ಎಷ್ಟು ಹೊರಗೆ ಎಂಬುದನ್ನು ಆ ಕಾಗದ ಹೇಳಿರಲಿಲ್ಲ.

ಹೊರಟ ಕೂಡಲೇ ಬಿರುಗಾಳಿಗೆ ಹಾಯಿಗಳು ಹರಿದುಹೋದುವು. ಹೇಗೋ ಸಾಂತೋಸ್ ಪಟ್ಟಣವನ್ನು ಸೇರಿದರು. ಅಲ್ಲಿಂದ ರಿಯೊ ಡಿ ಜನೈರೊವರೆಗೆ ‘ಫೈನಾನ್ಸ್’ ಎಂಬ ಉಗಿಹಡಗು ದೋಣಿಯನ್ನು ಹಗ್ಗ ಕಟ್ಟಿ ಎಳೆದೊಯ್ಯಿತು. ದೊಡ್ಡ ಹಡಗಿನ ವೇಗಕ್ಕೆ ಚಿಕ್ಕ ದೋಣಿ ಮುಳುಗುವ ಸಂಭವವಿದ್ದುದರಿಂದ, ಅಪಾಯವೊದಗಿದರೆ ಹಗ್ಗವನ್ನು ಕಡಿಯಲೆಂದು ವಿಕ್ಟರ್ ಕೊಡಲಿ ಹಿಡಿದು ಕುಳಿತಿದ್ದನು. ರಿಯೊದಲ್ಲಿ ಹೊಸ ಹಾಯಿಗಳೂ ವಿಶೇಷ ರಹದಾರಿಯೂ ಸಿದ್ಧವಾದುವು.

ಅವರು ಪಟ್ಟಣಗಳ ಬಳಿ ತಂಗುತ್ತ ಹೋದುದೇಕೆ? ಇಂಥ ದೋಣಿಯಲ್ಲಿ ತಿಂಗಳುಗಟ್ಟಲೆಗೆ ಸಾಲುವಷ್ಟು ನೀರು, ಆಹಾರ ಹಿಡಿಸುವುದಿಲ್ಲ. ರಿಪೇರಿಗೆ ಹಗ್ಗ, ಹಲಗೆ ಬೇಕಾದರೆ ಪೇಟೆ ಬೇಕು. ಆದರೆ ಲಂಗರು ಹಾಕುವುದೂ ಒಂದು ವಿದ್ಯೆ. ಬಂಡೆಗಿಂತ ಕೆಸರು ನೆಲ ಲೇಸು, ಏಕೆಂದರೆ ಅಲ್ಲಿ ಲಂಗರಿನ ಮೊನೆ ಹೂತು ನಿಲ್ಲುತ್ತದೆ. ನೀರಿನ ಆಳದಷ್ಟೇ ಹಗ್ಗ ಬಿಟ್ಟರೆ ಅಲೆ ದೋಣಿಯನ್ನೆತ್ತಿದಾಗ ಲಂಗರು ಮೇಲಕ್ಕೆಳೆದು ಕಿತ್ತುಬರುವುದು. ಆಳದ ಐದಾರು ಪಟ್ಟು ಹಗ್ಗ ಬಿಟ್ಟರೆ ಎಳೆತ ಅಡ್ಡಲಾಗಿ ಬಿದ್ದು ಮೊನೆ ಇನ್ನೂ ಆಳಕ್ಕೆ ಕಚ್ಚುವುದು. ಗಾಳಿ ತಿರುಗಿದಂತೆ ದೋಣಿಯೂ ಲಂಗರಿನ ಸುತ್ತ ತಿರುಗುವುದರಿಂದ ನೆರೆಯ ಹಡಗುಗಳಿಗೆ ತಗುಲದಂತೆ ಸ್ಥಳವನ್ನು ಆರಿಸಬೇಕು.

ಬಹಿಯಾ, ಪೆರ್ನಂಬುಕೊ ಪಟ್ಟಣಗಳಲ್ಲಿ ತಂಗಿ ಮುಂದುವರಿದ ಮೇಲೆ ಪ್ರಕೃತಿಯೇ ನೆರವಾಯಿತು. ಬ್ರೆಜಿಲ್ಲಿನ ಈಶಾನ್ಯ ಮೂಲೆಯ ಬಳಿ ಅಟ್ಲಾಂಟಿಕ್ ಸಾಗರದ ಪ್ರವಾಹವೊಂದು ಎರಡಾಗಿ ಸೀಳುತ್ತದೆ. ದಕ್ಷಿಣದ ಕವಲು ಅದುವರೆಗೆ ದೋಣಿಗೆ ಎದುರಾಗಿತ್ತು. ಆ ಮೂಲೆಯನ್ನು ದಾಟಿದೊಡನೆ ಉತ್ತರದ ಕವಲೂ ವಾಣಿಜ್ಯ ಮಾರುತವೂ ಸೇರಿ ದೋಣಿಯನ್ನು ಮುಂದಕ್ಕೆ ತಳ್ಳಿದುವು. ಪೆರ್ನಂಬುಕೊದಿಂದ ಬಾರ್ಬಡೋಸ್ ದ್ವೀಪವನ್ನು 19 ದಿನಗಳಲ್ಲಿ ಮುಟ್ಟಿದರು. ಅಕ್ಟೋಬರ್ ಕೊನೆಗೆ ದಕ್ಷಿಣ ಕೆರೊಲಿನಾದ ತೀರ ಕಂಡಿತು. ಅಲ್ಲಿಂದ ಒಳನಾಡಿನ ಜಲಮಾರ್ಗಗಳಲ್ಲಿ ಸಾಗಿ, ಡಿಸೆಂಬರ್ ಕೊನೆಯ ವಾರದಲ್ಲಿ ರಾಜಧಾನಿ ವಾಷಿಂಗ್ಟನ್ನಿನ ಬಳಿ ಪೊಟೊಮ್ಯಾಕ್ ನದಿಯಲ್ಲಿ ಲಂಗರು ಹಾಕಿದರು.

ಸ್ಲೋಕಮ್ ಈ ಯಾನದ ವೃತ್ತಾಂತವನ್ನು 1890ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದನು. ಮುಂದೆ 1895ರಿಂದ 1898ರವರೆಗೆ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಭೂಪ್ರದಕ್ಷಿಣೆ ಮಾಡಿದನು. ಏಕಾಂಗಿಯಾಗಿ ಈ ಕಾರ್ಯವನ್ನು ಸಾಧಿಸಿದವರಲ್ಲಿ ಅವನೇ ಮೊದಲಿಗನು. ಜಗತ್ತು ಕೊಂಡಾಡಿದುದು ಅದನ್ನೇ. ‘ಲಿಬರ್ದಾದೆ’ ಹಿಂದೆ ಸರಿಯಿತು. ಹಾಯಿ ಹೊಲಿದವಳ ಹೆಸರು ಅದಕ್ಕಿಂತಲೂ ಹಿಂದೆ ಸರಿಯಿತು.

ನಮ್ಮಲ್ಲಿ ಎಷ್ಟೋ ಮಂದಿ ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರು. ನಾನೂ ಅವರಲ್ಲೊಬ್ಬ. ನಾಳೆ ಪದವೀಧರರ ಪಟ್ಟಿಯಲ್ಲಿ ಅಚ್ಚಾಗುವುದು ನಮ್ಮೊಬ್ಬೊಬ್ಬರ ಹೆಸರು ಮಾತ್ರ. ಆದರೆ ಫೀಸಿಗಾಗಿ ಅಪ್ಪ ಮಾಡಿದ ಕೂಲಿ, ಓದಲೆಂದು ತಂಗಿ ತಾನೇ ವಹಿಸಿಕೊಂಡ ಮನೆಗೆಲಸ, ದೀಪದ ಬಳಿ ಅವ್ವ ಹಾಕಿದ ಹೊಲಿಗೆ ಇವೆಲ್ಲ ಆ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಸ್ಲೋಕಮ್ಮನಿಗೆ ನಕ್ಷೆ ಓದುವ ವಿದ್ಯೆ ಗೊತ್ತಿತ್ತು, ನಿಜ. ಆದರೆ ಹೊಲಿದ ಹಾಯಿ, ಹೊಸೆದ ಹಗ್ಗ ಇಲ್ಲದಿದ್ದರೆ ಆ ವಿದ್ಯೆ ಪರನಗುವಾದ ದಂಡೆಯಲ್ಲಿಯೇ ಉಳಿಯುತ್ತಿತ್ತು. ವಿದ್ಯಾವಂತರೆನಿಸಿಕೊಳ್ಳಲಿರುವ ನಾವು ಈ ಲೆಕ್ಕವನ್ನು ಮರೆಯಬಾರದು.