ಪ್ರವಾಹರೇಖೆ ಮತ್ತು ಮೂಸಿ ನದಿ

ಮಳೆ ಬಿದ್ದ ಕ್ಷಣದಲ್ಲೇ ನದಿ ಏರುವುದಿಲ್ಲ. ಈ ಅಂತರವನ್ನು ಕಣ್ಣಿಗೆ ಕಾಣಿಸುವ ಚಿತ್ರವೇ ಪ್ರವಾಹರೇಖೆ, ಅರ್ಥಾತ್ ಹೈಡ್ರೋಗ್ರಾಫ್. ಅಡ್ಡಲಾಗಿ ಕಾಲವನ್ನೂ ಲಂಬವಾಗಿ ಹರಿವಿನ ಪ್ರಮಾಣವನ್ನೂ ಗುರುತಿಸಿದಾಗ ರೇಖೆಯು ಕಡಿದಾಗಿ ಏರಿ, ಶಿಖರವನ್ನು ಮುಟ್ಟಿ, ಮೆಲ್ಲನೆ ಇಳಿಯುತ್ತದೆ. ಮಳೆಯ ಭರಕ್ಕೂ ಆ ಶಿಖರಕ್ಕೂ ನಡುವಣ ಅವಧಿ ವಿಳಂಬಕಾಲ. ಜನರು ಪಾರಾಗಲು ದೊರೆಯುವ ಸಮಯವೂ ಅದೇ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಈ ಸಮಯವನ್ನು ಕೊಡಲಿಲ್ಲ. ಸಹಸ್ರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರದ ಕರೆಯಂತೆ ಬಂದ ಎಂ. ವಿಶ್ವೇಶ್ವರಯ್ಯನವರು ಮಳೆಯನ್ನಷ್ಟೇ ಲೆಕ್ಕಹಾಕಲಿಲ್ಲ, ಕೆರೆಗಳನ್ನೂ ಪರಿಗಣಿಸಿದರು. ನಗರದ ಮೇಲ್ಭಾಗದ ಜಲಾನಯನದಲ್ಲಿದ್ದ 788 ಕೆರೆಗಳ ಪೈಕಿ 221 ಒಡೆದಿದ್ದವು. ತುಂಬುವವರೆಗೆ ಕೆರೆಯು ಶಿಖರವನ್ನು ತಗ್ಗಿಸುತ್ತದೆ. ಒಡೆದರೆ ಕೂಡಿಟ್ಟಿದ್ದನ್ನೆಲ್ಲ ಒಮ್ಮೆಗೇ ಸುರಿದು ಅದನ್ನೇ ಎತ್ತರಿಸುತ್ತದೆ. ಆದ್ದರಿಂದ ನೆರೆಯನ್ನು ತಡೆದು, ನದಿ ತಾಳುವಷ್ಟನ್ನೇ ಬಿಡುವ ಜಲಾಶಯಗಳನ್ನು ಅವರು ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಷರ್ಮನ್ನನ ಏಕಮಾನ ಪ್ರವಾಹರೇಖೆಯ ಸಿದ್ಧಾಂತ ಬಂದದ್ದು 1932ರಲ್ಲಿ ಎಂಬುದನ್ನು ನೆನೆದರೆ ಈ ವಿವೇಚನೆ ಬೆರಗು ಹುಟ್ಟಿಸುತ್ತದೆ.

ಆದರೆ ನಗರದ ಪೂರ್ವದಂಚಿನ ನಾಚಾರಂ ಆ ಜಲಾಶಯಗಳಿಂದ ಬಹು ಕೆಳಗಿದೆ. ಇಲ್ಲಿ ಬೀಳುವ ಮಳೆಯನ್ನು ಅವು ತಡೆಯಲಾರವು. ಕಾರ್ಖಾನೆಯ ಛಾವಣಿ, ಕಾಂಕ್ರೀಟ್ ರಸ್ತೆಗಳ ಮೇಲೆ ಬಿದ್ದ ನೀರು ಇಂಗದೆ ಮೋರಿಗೆ ಧಾವಿಸುತ್ತದೆ. ಅದೇ ಮಳೆಗೆ ರೇಖೆ ಚೂಪಾಗುತ್ತದೆ, ವಿಳಂಬಕಾಲ ಕುಗ್ಗುತ್ತದೆ. ಇಂಥಲ್ಲಿ ಶಿಖರವನ್ನು ತಗ್ಗಿಸಲು ಉಳಿದಿರುವುದು ಊರ ಕೆರೆಯಷ್ಟೇ. ಅದರ ಅಂಗಳ ಒತ್ತುವರಿಯಾದಷ್ಟೂ ನೀರು ಮನೆಗಳಲ್ಲಿ ನಿಲ್ಲುತ್ತದೆ.