ಮೈದಾನದಲ್ಲಿ ಮಗು ಬಿದ್ದಾಗ ಓಡಿ ಬರುವವರು ಯಾರು? ಫುಟ್‌ಬಾಲ್ ಕ್ಲಬ್‌ನ ವೈದ್ಯಕೀಯ ಸಿಬ್ಬಂದಿ ಬಗ್ಗೆ ಪೋಷಕರು ತಿಳಿಯಬೇಕಾದದ್ದು



ಊರು ಬಿಟ್ಟು ಬೇರೆ ರಾಜ್ಯಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗಾಗಿ ಬರುತ್ತಿರುವ ಈ ಆರೋಗ್ಯ ಮಾಲಿಕೆಯಲ್ಲಿ ಇಂದು ಮಕ್ಕಳ ಆಟದ ವಿಷಯ. ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಫುಟ್‌ಬಾಲ್ ಆಡುವ ಮಗನೋ ಮಗಳೋ ಇದ್ದರೆ ಉಳಿಸಿಟ್ಟುಕೊಳ್ಳಿ.

ಕಳೆದ ಮಳೆಗಾಲದ ಒಂದು ಭಾನುವಾರ. ನಮ್ಮ ಸೊಸೈಟಿಯ ಒಬ್ಬ ಕನ್ನಡದ ಹುಡುಗ, ವಯಸ್ಸು ಹದಿಮೂರು, ಅಕಾಡೆಮಿಯ ಪಂದ್ಯದಲ್ಲಿ ಹೆಡ್ ಮಾಡಲು ಹಾರಿ ಇನ್ನೊಬ್ಬ ಹುಡುಗನ ತಲೆಗೆ ಡಿಕ್ಕಿ ಹೊಡೆದ. ಬ್ಯಾಗ್ ಹಿಡಿದು ಒಬ್ಬರು ಓಡಿ ಬಂದರು. ಎಲ್ಲರೂ ಅವರನ್ನು 'ಫಿಸಿಯೊ' ಎಂದೇ ಕರೆಯುತ್ತಿದ್ದರು. ಹಣೆಗೆ ಸ್ಪ್ರೇ ಹೊಡೆದರು, ನೀರು ಕುಡಿಸಿದರು, 'ಕುಛ್ ನಹೀ ಹುವಾ, ಖೇಲ್' ಎಂದರು. ಹುಡುಗ ಮತ್ತೆ ಇಪ್ಪತ್ತು ನಿಮಿಷ ಆಡಿದ. ಮನೆಗೆ ಬರುವಾಗ ಕಾರಿನಲ್ಲಿ 'ಅಪ್ಪಾ, ನಾವು ಗೆದ್ವಾ?' ಎಂದು ಮೂರು ಸಲ ಕೇಳಿದ. ಮೂರು ಸಲವೂ ಅಪ್ಪ ಉತ್ತರ ಕೊಟ್ಟರು. ರಾತ್ರಿ ಎರಡು ಸಲ ವಾಂತಿ ಆದಾಗಲೇ ಆಸ್ಪತ್ರೆಗೆ ಓಡಿದ್ದು. ದೇವರ ದಯೆ, ರಕ್ತಸ್ರಾವ ಇರಲಿಲ್ಲ. ಆದರೆ ತಿಂಗಳು ಪೂರ್ತಿ ಆಟ ಬಂದ್. ಆಮೇಲೆ ವಿಚಾರಿಸಿದರೆ ಆ 'ಫಿಸಿಯೊ' ಫಿಸಿಯೊಥೆರಪಿ ಓದಿದವರೇ ಅಲ್ಲ, ಜಿಮ್ ಟ್ರೇನರ್.

ಆ ಮನುಷ್ಯ ಕೆಟ್ಟವರಲ್ಲ. ಗೊತ್ತಿಲ್ಲದ ಕೆಲಸ ಮಾಡುತ್ತಿದ್ದರು, ನಾವು ಯಾರೂ ಕೇಳಿರಲಿಲ್ಲ. ಇಂದಿನ ಲೇಖನ ಅದಕ್ಕಾಗಿ.

*ದೊಡ್ಡ ಪಂದ್ಯಗಳಲ್ಲೂ ತಪ್ಪುತ್ತದೆ*

2014ರ ವಿಶ್ವಕಪ್ ಫೈನಲ್. ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಪೆಟ್ಟು ಬಿದ್ದ ಮೇಲೂ ಸುಮಾರು ಹದಿನಾಲ್ಕು ನಿಮಿಷ ಆಡುತ್ತಲೇ ಇದ್ದರು. ಕೊನೆಗೆ ರೆಫರಿ ಬಳಿ ಹೋಗಿ 'ಇದು ಫೈನಲ್ಲಾ?' ಎಂದು ಕೇಳಿದರು. ಆಗ ಅವರನ್ನು ಹೊರಗೆ ಕರೆಸಿದರು. ನಮ್ಮ ಸೊಸೈಟಿಯ ಹುಡುಗ ಕಾರಿನಲ್ಲಿ ಕೇಳಿದ್ದೂ ಇಂಥದ್ದೇ ಪ್ರಶ್ನೆ.

2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ ಗೋಲಿ ಲೋರಿಸ್ ಕಾರಿಯಸ್ ಎರಡು ದೊಡ್ಡ ತಪ್ಪು ಮಾಡಿ ಜಗತ್ತಿನಿಂದೆಲ್ಲ ಬೈಸಿಕೊಂಡರು. ಐದು ದಿನದ ನಂತರ ಅಮೆರಿಕದ ವೈದ್ಯರು ಪರೀಕ್ಷಿಸಿದಾಗ ಅವರಿಗೆ ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳು ಅಲುಗಿದ ಗಾಯ, ಆಗಿತ್ತು ಎಂದು ತಿಳಿಯಿತು. ಗೋಲು ಬಿಡುವ ಮೊದಲು ಎದುರಾಳಿಯೊಬ್ಬರ ಮೊಣಕೈ ಅವರ ತಲೆಗೆ ಬಡಿದಿತ್ತು.

ಅತ್ಯುತ್ತಮ ವೈದ್ಯರಿದ್ದ ಕಡೆಯೇ ಹೀಗಾದರೆ ವಾರಾಂತ್ಯದ ಅಕಾಡೆಮಿಯಲ್ಲಿ ನಾವೆಷ್ಟು ಎಚ್ಚರ ಇರಬೇಕು ಯೋಚಿಸಿ.

*ಯಾರು ಯಾರು, ಯಾರ ಕೆಲಸ ಏನು?*

ಬ್ಯಾಗ್ ಹಿಡಿದವರೆಲ್ಲ ಡಾಕ್ಟರಲ್ಲ. ಕ್ಲಬ್‌ನಲ್ಲಿ ಸಾಮಾನ್ಯವಾಗಿ ಇವರಿರುತ್ತಾರೆ.

1. ತಂಡದ ವೈದ್ಯರು: ಎಂಬಿಬಿಎಸ್ ಮುಗಿಸಿ, ಮೂಳೆ ವಿಭಾಗ ಅಥವಾ ಕ್ರೀಡಾ ವೈದ್ಯಕೀಯದಲ್ಲಿ ಮುಂದೆ ಓದಿದವರಾದರೆ ಉತ್ತಮ. ರೋಗ ನಿರ್ಣಯ, ಔಷಧಿ, ಚುಚ್ಚುಮದ್ದು ಇವರ ಕೆಲಸ. ರಾಜ್ಯ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಲೇಬೇಕು.

2. ಫಿಸಿಯೊಥೆರಪಿಸ್ಟ್: ಬಿಪಿಟಿ ಎಂಬ ಪದವಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷದ ಓದು. ಎಂಪಿಟಿ ಇದ್ದರೆ ಇನ್ನೂ ಎರಡು ವರ್ಷ. ಗಾಯದ ಪರೀಕ್ಷೆ, ವ್ಯಾಯಾಮ, ಮತ್ತೆ ಆಟಕ್ಕೆ ಸಿದ್ಧ ಮಾಡುವುದು ಇವರ ಕೆಲಸ. ಮಹಾರಾಷ್ಟ್ರ, ದೆಹಲಿಗಳಲ್ಲಿ ಫಿಸಿಯೊಥೆರಪಿಗೆ ಪ್ರತ್ಯೇಕ ನೋಂದಣಿ ಮಂಡಳಿಗಳೇ ಇವೆ. ಇಡೀ ದೇಶಕ್ಕೆ ಅನ್ವಯಿಸುವ ಕಾನೂನು 2021ರಲ್ಲಿ ಬಂದಿದೆ.

3. ಟ್ರೇನರ್, ಮಸಾಜ್ ಮಾಡುವವರು: ಮೈ ಸಡಿಲಿಸಲು, ಬಲ ಹೆಚ್ಚಿಸಲು ಬೇಕಾದವರು. ಗಾಯ ಏನೆಂದು ಹೇಳುವುದು ಇವರ ಕೆಲಸವಲ್ಲ.

4. ಪ್ರಥಮ ಚಿಕಿತ್ಸೆ ತಿಳಿದವರು: ತರಬೇತಿ ಪಡೆದ ಕೋಚ್ ಕೂಡ ಆಗಬಹುದು. ಸಣ್ಣ ಕ್ಲಬ್‌ನಲ್ಲಿ ಇಂಥವರು ಒಬ್ಬರಾದರೂ ಇರಬೇಕು.

ಸಣ್ಣ ಅಕಾಡೆಮಿಯವರು ಡಾಕ್ಟರನ್ನು ಇಟ್ಟುಕೊಳ್ಳಲಿ ಎಂದು ನಾವು ಹಟ ಹಿಡಿಯಲಾಗದು. ಆದರೆ ಇರುವವರು ಯಾರು, ಏನು ಓದಿದ್ದಾರೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ತನಗೆ ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಆಸ್ಪತ್ರೆಗೆ ಕಳಿಸಬೇಕು ಎಂದು ತಿಳಿದವರೇ ಸಮರ್ಥರು.

*ಓದು ಮಾತ್ರ ಸಾಲದು, ತಯಾರಿ ಬೇಕು*

2012ರ ಮಾರ್ಚ್ 17. ಲಂಡನ್‌ನಲ್ಲಿ ಬೋಲ್ಟನ್ ತಂಡದ ಇಪ್ಪತ್ತಮೂರು ವರ್ಷದ ಫ್ಯಾಬ್ರಿಸ್ ಮುವಾಂಬಾ ಯಾರೂ ತಾಗದೆಯೇ ಕುಸಿದರು. ಹೃದಯ ನಿಂತಿತ್ತು. ಎರಡೂ ತಂಡಗಳ ವೈದ್ಯಕೀಯ ಸಿಬ್ಬಂದಿ ತಕ್ಷಣ ಎದೆ ಒತ್ತಲು ಶುರು ಮಾಡಿದರು. ಪಂದ್ಯ ನೋಡಲು ಬಂದಿದ್ದ ಹೃದ್ರೋಗ ತಜ್ಞ ಆಂಡ್ರೂ ಡೀನರ್ ಪ್ರೇಕ್ಷಕರ ನಡುವಿನಿಂದ ಇಳಿದು ಬಂದು, ಹೃದಯ ಚಿಕಿತ್ಸೆಯ ಆಸ್ಪತ್ರೆಗೇ ನೇರ ಒಯ್ಯಲು ಹೇಳಿದರು. ಮೈದಾನದಿಂದ ಆಂಬುಲೆನ್ಸ್‌ವರೆಗೆ ಹದಿನೈದು ಸಲ ಶಾಕ್ ಕೊಟ್ಟರು. 78 ನಿಮಿಷದ ನಂತರ ಹೃದಯ ತಾನಾಗಿ ಬಡಿಯಿತು. ಮುವಾಂಬಾ ಬದುಕಿದರು.

ಅದಾದ ನಾಲ್ಕೇ ದಿನಕ್ಕೆ ನಮ್ಮ ಬೆಂಗಳೂರಿನಲ್ಲಿ, ಸ್ಥಳೀಯ ಎ ಡಿವಿಷನ್ ಲೀಗ್ ಪಂದ್ಯದಲ್ಲಿ, ಯುವ ಆಟಗಾರರೊಬ್ಬರು ಹೀಗೆಯೇ ಕುಸಿದರು. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೊದಲ್ಲಿ ಆಸ್ಪತ್ರೆಗೆ ಒಯ್ದರು. ಅವರು ಉಳಿಯಲಿಲ್ಲ. ಅದಕ್ಕೂ ಮುಂಚೆ, 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಂಡದ ಎರಡನೇ ಗೋಲು ಹೊಡೆಯುತ್ತಲೇ ಎದುರಾಳಿ ಗೋಲಿಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. ಅಂದೂ ಮೈದಾನದ ವೈದ್ಯಕೀಯ ವ್ಯವಸ್ಥೆಯ ಬಗ್ಗೆ ದೊಡ್ಡ ಪ್ರಶ್ನೆಗಳೆದ್ದವು.

ಇವರೆಲ್ಲ ಬದುಕುತ್ತಿದ್ದರು ಎಂದು ಯಾರೂ ಖಚಿತವಾಗಿ ಹೇಳಲಾಗದು. ಆದರೆ ಒಂದು ಲೆಕ್ಕ ಖಚಿತ: ಹೃದಯ ಸ್ತಂಭನವಾದಾಗ ಶಾಕ್ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಕ್ರಿಸ್ಟಿಯನ್ ಎರಿಕ್ಸನ್ ಕುಸಿದಾಗ ವೈದ್ಯರು ಕೂಡಲೇ ಎದೆ ಒತ್ತಿ ಒಂದು ಶಾಕ್ ಕೊಟ್ಟರು, ಮೈದಾನದಲ್ಲೇ ಪ್ರಜ್ಞೆ ಬಂತು. ಮರುವರ್ಷ ಅವರು ಮತ್ತೆ ಆಟಕ್ಕಿಳಿದರು.

*ನೆನಪಿಡಿ:* ಯಾರೂ ತಾಗದೆ ಆಟಗಾರ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಅದು ಹೃದಯವೇ ಎಂದು ತಿಳಿದು ಕೆಲಸ ಶುರು ಮಾಡಿ. ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಲಿ. ಮೂರನೆಯವರು ಶಾಕ್ ಯಂತ್ರ, ಅಂದರೆ ಎಇಡಿ, ತರಲಿ. ಆ ಯಂತ್ರ ಏನು ಮಾಡಬೇಕೆಂದು ತಾನೇ ಮಾತಾಡಿ ಹೇಳುತ್ತದೆ. ನೀರು ಕುಡಿಸುವುದು, ಬೀಗದಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ.

*ವೈದ್ಯರ ಮಾತೇ ಕೊನೆಯ ಮಾತಾಗಬೇಕು*

2015ರ ಆಗಸ್ಟ್‌ನಲ್ಲಿ ಚೆಲ್ಸಿ ತಂಡದ ವೈದ್ಯೆ ಎವಾ ಕಾರ್ನೇರೊ, ಬಿದ್ದ ಆಟಗಾರನನ್ನು ನೋಡಲು ರೆಫರಿ ಕರೆದಾಗ ಮೈದಾನಕ್ಕೆ ಓಡಿದರು. ನಿಯಮದಂತೆ ಆ ಆಟಗಾರ ಸ್ವಲ್ಪ ಹೊತ್ತು ಹೊರಗೆ ಹೋಗಬೇಕಾಯಿತು, ತಂಡದಲ್ಲಿ ಒಬ್ಬರು ಕಡಿಮೆಯಾದರು. ಮ್ಯಾನೇಜರ್ ಜೋಸ್ ಮೊರಿನ್ಯೊ ಬಹಿರಂಗವಾಗಿಯೇ ವೈದ್ಯಕೀಯ ಸಿಬ್ಬಂದಿ ಮೇಲೆ ಸಿಟ್ಟಾದರು. ಮುಂದೆ ಆ ವೈದ್ಯೆ ಕ್ಲಬ್ ಬಿಟ್ಟರು, ವಿಷಯ ಕಾನೂನಿನ ಮೆಟ್ಟಿಲೇರಿತು. 2016ರಲ್ಲಿ ರಾಜಿಯಾಗಿ ಕ್ಲಬ್ ಅವರ ಕ್ಷಮೆ ಕೇಳಿತು.

ಎಷ್ಟೇ ಓದಿದ ವೈದ್ಯರಿದ್ದರೂ 'ಇವನು ಇಂದು ಆಡಬಾರದು' ಎಂದು ಹೇಳುವ ಅಧಿಕಾರ ಅವರಿಗಿಲ್ಲದಿದ್ದರೆ ಪ್ರಯೋಜನವಿಲ್ಲ. ಗೆಲ್ಲಬೇಕೆಂಬ ಆತುರ ಕೋಚ್‌ಗೆ ಇರುತ್ತದೆ, ಮಗುವಿಗೂ ಇರುತ್ತದೆ. ನಿಜ ಹೇಳಬೇಕೆಂದರೆ ಫೀ ಕಟ್ಟಿ ಬಿಸಿಲಲ್ಲಿ ನಿಂತ ನಮಗೂ ಇರುತ್ತದೆ.

*ಮೂರು ಗಾಯ, ಮೂರು ಪರೀಕ್ಷೆ*

ಈ ಮೂರರಲ್ಲಿ ಸಿಬ್ಬಂದಿ ಏನು ಮಾಡುತ್ತಾರೆ ಎಂದು ನೋಡಿದರೆ ಅವರ ಅರಿವು ಎಷ್ಟೆಂದು ತಿಳಿಯುತ್ತದೆ.

*ತಲೆಗೆ ಪೆಟ್ಟು:* ಅನುಮಾನ ಬಂದರೂ ಸಾಕು, ಆಟದಿಂದ ಹೊರಗೆ. ಅದೇ ದಿನ ಮತ್ತೆ ಆಡಿಸುವಂತಿಲ್ಲ. ಪ್ರಜ್ಞೆ ತಪ್ಪಲಿಲ್ಲ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ, ಬಹುಪಾಲು ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಸ್ಕ್ಯಾನ್ ಸರಿಯಿದ್ದರೂ ಕನ್ಕಷನ್ ಇರಬಹುದು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಎರಡೆರಡು ಕಾಣುವುದು, ಕೈಕಾಲು ಬಲಹೀನತೆ, ಕುತ್ತಿಗೆ ನೋವು, ಇವುಗಳಲ್ಲಿ ಒಂದಿದ್ದರೂ ಕೂಡಲೇ ಆಸ್ಪತ್ರೆ. ಇಲ್ಲದಿದ್ದರೂ ಮೊದಲ ಎರಡು ದಿನ ವಿಶ್ರಾಂತಿ, ಮೊಬೈಲ್ ದೂರ. ಶಾಲೆ ಮೊದಲು, ಆಟ ನಂತರ, ಅದೂ ಹಂತಹಂತವಾಗಿ ವೈದ್ಯರು ಒಪ್ಪಿದ ಮೇಲೆ.

*ಪಾದದ ಕೀಲು ಉಳುಕಿದಾಗ:* ತಿಳಿದವರು ಮೊದಲು ಕಾಲು ತಿಕ್ಕುವುದಿಲ್ಲ. ಹರಡಿನ ಮೂಳೆ ಒತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ಹಾಕಲು ಆಗುತ್ತದೆಯೇ ಎಂದು ಕೇಳುತ್ತಾರೆ. ಮೂಳೆಯ ಮೇಲೇ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್-ರೇ ಬೇಕು. ಬೆಳೆಯುವ ಮಕ್ಕಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪದರ ಮೆತ್ತಗಿರುತ್ತದೆ. ಉಳುಕು ಎಂದುಕೊಂಡದ್ದು ಆ ಪದರದ ಗಾಯ ಆಗಿರಬಹುದು. ತಣ್ಣನೆಯ ಸ್ಪ್ರೇ ಸ್ವಲ್ಪ ಹೊತ್ತು ನೋವು ಮರೆಸುತ್ತದೆ, ಗಾಯ ವಾಸಿ ಮಾಡುವುದಿಲ್ಲ. ಊರಿಂದ ಬಂದ ಅಜ್ಜಿ ಬಿಸಿ ಎಣ್ಣೆ ಹಿಡಿದು ಕೂತಿದ್ದರೆ ಪ್ರೀತಿಯಿಂದಲೇ ತಡೆಯಿರಿ. ಮೊದಲ ಎರಡು ದಿನ ತಿಕ್ಕುವುದು, ಶಾಖ ಕೊಡುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ, ಒತ್ತುಪಟ್ಟಿ, ಕಾಲು ಎತ್ತರದಲ್ಲಿ, ಇಷ್ಟು ಸಾಕು.

*ಮಂಡಿ ತಿರುಚಿದಾಗ:* 'ಟಪ್' ಎಂದು ಸದ್ದಾಗಿ, ಒಂದೆರಡು ಗಂಟೆಯೊಳಗೆ ಮಂಡಿ ಊದಿ, ನಿಂತರೆ ಕಾಲು ಜಾರಿದಂತೆ ಆದರೆ ಒಳಗಿನ ಲಿಗಮೆಂಟ್ ಹರಿದಿರಬಹುದು. ಹೆಣ್ಣುಮಕ್ಕಳಲ್ಲಿ ಈ ಅಪಾಯ ಹೆಚ್ಚು. 'ಕ್ಯಾಪ್ ಹಾಕಿ ಆಡು' ಎನ್ನುವವರ ಮಾತು ಕೇಳಬೇಡಿ. ಶಸ್ತ್ರಚಿಕಿತ್ಸೆ ಆದರೆ ಪಂದ್ಯಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಮೂರು ತಿಂಗಳಲ್ಲಿ ಆಡಿಸುತ್ತೇನೆ ಎನ್ನುವವರನ್ನು ನಂಬಬೇಡಿ.

*ಕ್ಲಬ್‌ಗೆ ಕೇಳಬೇಕಾದ ಆರು ಪ್ರಶ್ನೆ*

1. ಅಭ್ಯಾಸ ಮತ್ತು ಪಂದ್ಯದ ದಿನ ಗಾಯ ನೋಡುವವರು ಯಾರು? ಅವರ ಓದು, ನೋಂದಣಿ ಸಂಖ್ಯೆ ಏನು?
2. ಎದೆ ಒತ್ತುವ ತರಬೇತಿ ಎಷ್ಟು ಜನಕ್ಕಿದೆ? ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ?
3. ಎಇಡಿ ಎಲ್ಲಿದೆ? ಬೀಗ ಹಾಕಿದ ಕೋಣೆಯಲ್ಲೋ, ಕೈಗೆಟುಕುವಲ್ಲೋ?
4. ಆಂಬುಲೆನ್ಸ್ ಯಾವ ಗೇಟಿನಿಂದ ಒಳಗೆ ಬರುತ್ತದೆ? ಹತ್ತಿರದ ತುರ್ತು ಆಸ್ಪತ್ರೆ ಯಾವುದು?
5. ಆಡಬೇಕೋ ಬೇಡವೋ ಎಂದು ಕೊನೆಗೆ ತೀರ್ಮಾನಿಸುವವರು ಕೋಚೋ, ವೈದ್ಯಕೀಯ ಸಿಬ್ಬಂದಿಯೋ?
6. ಅಭ್ಯಾಸಕ್ಕೆ ಮುಂಚೆ ಫಿಫಾದ '11+' ನಂಥ ವಾರ್ಮ್‌ಅಪ್ ಮಾಡಿಸುತ್ತೀರಾ? ಇಪ್ಪತ್ತು ನಿಮಿಷದ ಇದನ್ನು ವಾರಕ್ಕೆ ಎರಡು ಸಲವಾದರೂ ಸರಿಯಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿವೆ.

ಈ ಪ್ರಶ್ನೆಗಳನ್ನು ಜಗಳದ ದನಿಯಲ್ಲಿ ಕೇಳಬೇಕಿಲ್ಲ. ನಾಲ್ಕಾರು ಪೋಷಕರು ಸೇರಿ ಸಮಾಧಾನವಾಗಿ ಕೇಳಿ. ಒಳ್ಳೆಯ ಕ್ಲಬ್‌ನವರು ಸಂತೋಷದಿಂದಲೇ ಉತ್ತರಿಸುತ್ತಾರೆ.

*ಪರವೂರಿನಲ್ಲಿರುವ ನಮಗೆ ಇನ್ನೊಂದು ಮಾತು*

ನಮ್ಮ ಮಕ್ಕಳು ಮೈದಾನದಲ್ಲಿ ಹಿಂದಿ, ಮರಾಠಿ, ತಮಿಳು, ತೆಲುಗು ಮಾತಾಡುತ್ತಾರೆ. ನೋವನ್ನು ಮಾತ್ರ ಮನೆಗೆ ಬಂದು ಕನ್ನಡದಲ್ಲಿ ಹೇಳುತ್ತಾರೆ. ಎಷ್ಟೋ ಸಲ ಕೋಚ್ ಎದುರು 'ಠೀಕ್ ಹೂಂ' ಎಂದ ಮಗು ಅಮ್ಮನ ಹತ್ತಿರ 'ತಲೆ ಧಿಮ್ ಅಂತಿದೆ' ಎನ್ನುತ್ತದೆ. ಆ ಮಾತೇ ಮುಖ್ಯ ಲಕ್ಷಣ. ಅದನ್ನು ಅದೇ ಸಂಜೆ ವೈದ್ಯರಿಗೆ ತಿಳಿಸಿ. ಮಗುವಿನ ಕಿಟ್ ಬ್ಯಾಗಿನಲ್ಲಿ ಒಂದು ಚೀಟಿ ಇಡಿ: ರಕ್ತದ ಗುಂಪು, ಒಗ್ಗದ ಔಷಧಿ, ಹಳೆಯ ಗಾಯ, ಆಸ್ತಮಾದಂಥ ತೊಂದರೆ, ಎರಡು ಫೋನ್ ನಂಬರ್. ಅಲ್ಲಿನ ಜನ ಓದಬಲ್ಲ ಭಾಷೆಯಲ್ಲಿ ಬರೆದಿರಲಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಠಾತ್ ತೀರಿಕೊಂಡವರಿದ್ದರೆ, ಅಥವಾ ಮಗು ಓಡುವಾಗ ತಲೆಸುತ್ತಿ ಬಿದ್ದಿದ್ದರೆ, ಮೊದಲು ಹೃದಯ ಪರೀಕ್ಷೆ ಮಾಡಿಸಿ. ಇಂಥ ವಿಷಯ ಊರಿನ ಹಿರಿಯರಿಗೆ ಗೊತ್ತಿರುತ್ತದೆ, ಫೋನ್ ಮಾಡಿ ಕೇಳಿ.

ನಮ್ಮ ಸೊಸೈಟಿಯ ಆ ಹುಡುಗ ಈಗ ಮತ್ತೆ ಆಡುತ್ತಿದ್ದಾನೆ. ಅಕಾಡೆಮಿಯವರು ನೋಂದಾಯಿತ ಫಿಸಿಯೊ ಒಬ್ಬರನ್ನು ಪಂದ್ಯದ ದಿನಗಳಿಗೆ ಗೊತ್ತು ಮಾಡಿದ್ದಾರೆ. ಹಳೆಯ ಟ್ರೇನರ್ ಕೂಡ ಅಲ್ಲೇ ಇದ್ದಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಪಡೆದು ಬಂದಿದ್ದಾರೆ. ಇದಕ್ಕೆಲ್ಲ ಬೇಕಾದದ್ದು ಆರು ಜನ ಪೋಷಕರು ಮತ್ತು ಅರ್ಧ ಗಂಟೆಯ ಮಾತುಕತೆ.

ಮಕ್ಕಳು ಆಡಲಿ, ಬೀಳಲಿ, ಏಳಲಿ. ಬಿದ್ದಾಗ ಓಡಿ ಬರುವವರಿಗೆ ಕೆಲಸ ಗೊತ್ತಿರಲಿ.

(ಇದು ಸಾಮಾನ್ಯ ತಿಳಿವಳಿಕೆಗಾಗಿ. ಗಾಯವಾದಾಗ ವೈದ್ಯರನ್ನು ಕಾಣುವುದಕ್ಕೆ ಬದಲಿ ಅಲ್ಲ. ಉಪಯೋಗ ಅನ್ನಿಸಿದರೆ ಆಟವಾಡುವ ಮಕ್ಕಳಿರುವ ಮನೆಗಳಿಗೆ ಕಳುಹಿಸಿ.)