ತುಂಬಿ ಏರಿ ಬರಿದಾಗಿ ಇಳಿಯುವ ವಿಮಾನ

ಸಂಗೀತಗಾರನನ್ನು ಅವನ ಕಚೇರಿಯಿಂದಲೂ ಅಡುಗೆಯವನನ್ನು ಅವನು ಬಡಿಸಿದ ಎಲೆಯಿಂದಲೂ ಅಳೆಯುವ ಲೋಕವು, ವಿಮಾನ ನಡೆಸುವವನನ್ನು ಮಾತ್ರ ಗಡಿಯಾರದಿಂದ ಅಳೆಯುತ್ತದೆ. ಅವನ ಲಾಗ್ ಪುಸ್ತಕದ ಅಂಕಣದಲ್ಲಿ ಹನಿಗೂಡಿ ನಿಂತ ಗಂಟೆಗಳೇ ಅವನ ವಿದ್ಯೆ, ಅವನ ಕುಲ, ಅವನ ಆಸ್ತಿ. ಅಮೆರಿಕದಲ್ಲಿ ಕೇವಲ ಸ್ವಂತ ಸಂತೋಷಕ್ಕಾಗಿ ಹಾರುವ ಪರವಾನಗಿಗೆ ಕನಿಷ್ಠ 40 ಗಂಟೆ ಸಾಕು. ಸಂಬಳ ಪಡೆದು ಹಾರುವ ವಾಣಿಜ್ಯ ಪರವಾನಗಿಗೆ ಸಾಮಾನ್ಯವಾಗಿ 250 ಗಂಟೆ ಬೇಕು. ಪ್ರಯಾಣಿಕರನ್ನು ಹೊರುವ ದೊಡ್ಡ ವಿಮಾನ ಸಂಸ್ಥೆಯ ಸಹಚಾಲಕನ ಆಸನದಲ್ಲಿ ಕುಳಿತುಕೊಳ್ಳಬೇಕಾದರೆ ಸಾಮಾನ್ಯವಾಗಿ 1500. ನಮ್ಮ ದೇಶದಲ್ಲಿ 200 ಗಂಟೆಯ ವಾಣಿಜ್ಯ ಪರವಾನಗಿ ಪಡೆದು, ಆಯಾ ವಿಮಾನದ ತರಬೇತಿ ಮುಗಿಸಿದವನು ಆ ಆಸನಕ್ಕೆ ಅರ್ಹನಾಗುವುದರಿಂದ ನಮ್ಮವರಿಗೆ ಈ ಕಷ್ಟದ ಅರಿವು ಕಡಿಮೆ. ಆದರೆ ಅಲ್ಲಿಯ ತರುಣನ ಮುಂದೆ 250ಕ್ಕೂ 1500ಕ್ಕೂ ನಡುವೆ ಒಂದು ಮರಳುಗಾಡೇ ಹರಡಿಕೊಂಡಿರುತ್ತದೆ. ಹಣ ತೆತ್ತು ದಾಟುವುದು ಅಸಾಧ್ಯವಾದ ಈ ಬಯಲನ್ನು ಹಣ ಪಡೆದೇ ದಾಟಬೇಕು. ಆದ್ದರಿಂದ ಕೆಲವರು ಕಿರಿಯರಿಗೆ ಹಾರಾಟ ಕಲಿಸುತ್ತಾರೆ, ಕೆಲವರು ಜಾಹೀರಾತಿನ ಬಟ್ಟೆಯನ್ನು ಬಾಲಕ್ಕೆ ಕಟ್ಟಿಕೊಂಡು ಕಡಲತೀರದ ಮೇಲೆ ಎಳೆದಾಡುತ್ತಾರೆ, ಕೆಲವರು ತೈಲದ ಕೊಳವೆಗಳನ್ನು ಕಾಯುತ್ತ ನೂರಾರು ಮೈಲಿ ಹಾರುತ್ತಾರೆ, ಮತ್ತೆ ಕೆಲವರು ಪ್ಯಾರಾಚೂಟ್ ಕಟ್ಟಿಕೊಂಡು ಆಕಾಶದಿಂದ ಧುಮುಕುವ ಹವ್ಯಾಸಿಗಳನ್ನು ಹೊತ್ತೊಯ್ಯುತ್ತಾರೆ. ಈ ಕಡೆಯವರ ಕಸುಬಿನಲ್ಲಿ ಅಡಗಿರುವ ವಿಜ್ಞಾನವು ಉಳಿದೆಲ್ಲವುಗಳಿಗಿಂತ ಸ್ವಾರಸ್ಯವಾದುದೆಂದು ನನ್ನ ಎಣಿಕೆ.

ಫ್ಲಾರಿಡಾದ ಡಿಲ್ಯಾಂಡ್, ಅರಿಜೋನಾದ ಈಲಾಯ್, ಕ್ಯಾಲಿಫೋರ್ನಿಯಾದ ಪೆರಿಸ್ ಮೊದಲಾದ ಪ್ರಸಿದ್ಧ ಜಿಗಿತದ ಮೈದಾನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಹೊರುವ ಟ್ವಿನ್ ಆಟರ್‌ನಂಥ ಟರ್ಬೈನ್ ವಿಮಾನಗಳಿವೆ. ಹೊಸಬನಿಗೆ ಅವು ಸಾಮಾನ್ಯವಾಗಿ ದಕ್ಕುವುದಿಲ್ಲ. ಅವನಿಗೆ ದೊರೆಯುವುದು ಯಾವುದೋ ಸಣ್ಣ ಊರಿನ ಕ್ಲಬ್ಬಿನ ಸೆಸ್ನಾ 182. 1956ರಲ್ಲಿ ಮಾರುಕಟ್ಟೆಗೆ ಬಂದ ಈ ನಾಲ್ಕು ಆಸನಗಳ ವಿಮಾನದಿಂದ ಪೈಲಟನ ಆಸನವೊಂದನ್ನುಳಿದು ಮಿಕ್ಕೆಲ್ಲವನ್ನೂ ಕಿತ್ತು, ಬಲಗಡೆಯ ಬಾಗಿಲನ್ನು ಹಾರುತ್ತಿರುವಾಗಲೇ ಮೇಲಕ್ಕೆ ತೆರೆದುಕೊಳ್ಳುವಂತೆ ಮಾರ್ಪಡಿಸಿ, ಚಕ್ರದ ಮೇಲೆ ಕಾಲಿಡಲು ಒಂದು ಮೆಟ್ಟಿಲನ್ನು ಜೋಡಿಸಿದರೆ ನಾಲ್ವರು ಧುಮುಕುವವರು ನೆಲದ ಮೇಲೆ ಮಂಡಿ ಮಡಿಸಿ ಕೂರಬಲ್ಲ ವಾಹನ ಸಿದ್ಧವಾಯಿತು. ಅಲ್ಲಿಯ ಭಾಷೆಯಲ್ಲಿ ಹೀಗೆ ಒಮ್ಮೆ ಏರಿ ಇಳಿಯುವುದಕ್ಕೆ ‘ಲೋಡ್’ ಎಂದು ಹೆಸರು. ಎಷ್ಟೋ ಕ್ಲಬ್ಬುಗಳಲ್ಲಿ ಪೈಲಟನಿಗೆ ಕೂಲಿ ಸಲ್ಲುವುದೂ ಲೋಡಿನ ಲೆಕ್ಕದಲ್ಲಿಯೇ.

ಏರುವುದು ನಿಧಾನದ ಕೆಲಸ. ಹತ್ತು ಸಾವಿರ ಅಡಿ ತಲುಪಲು ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಅದರಲ್ಲಿಯೂ ಕಡೆಯ ಸಾವಿರ ಅಡಿಗಳು ಮೊದಲ ಸಾವಿರಕ್ಕಿಂತ ಬಹಳ ದುಬಾರಿ. ಆ ಎತ್ತರದಲ್ಲಿ ವಾಯುವಿನ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತ ತುಸು ಕಡಿಮೆಯಾಗಿರುವುದರಿಂದ, ಹೊರಗಿನ ಗಾಳಿಯನ್ನು ಇದ್ದಂತೆಯೇ ಸೇವಿಸುವ ಎಂಜಿನ್ನು ತನ್ನ 230 ಅಶ್ವಶಕ್ತಿಯ ದೊಡ್ಡ ಭಾಗವನ್ನು ಕಳೆದುಕೊಂಡು ಏದುಸಿರು ಬಿಡತೊಡಗುತ್ತದೆ. ರೆಕ್ಕೆಗೂ ಪ್ರೊಪೆಲರಿಗೂ ಊರಿಕೊಳ್ಳಲು ಗಾಳಿ ಸಾಲದು. ಪೈಲಟನ ಮೆದುಳಿಗೂ ಅದೇ ಗಾಳಿ. ಆದುದರಿಂದ 12,500 ಅಡಿಗಿಂತ ಮೇಲೆ ಅರ್ಧ ಗಂಟೆಗೆ ಮೀರಿ ಇರಬೇಕಾದಾಗಲೂ, 14,000 ಅಡಿಯ ಮೇಲೆ ಇರುವಷ್ಟು ಕಾಲವೆಲ್ಲವೂ ಪೈಲಟನು ಆಮ್ಲಜನಕವನ್ನು ಬಳಸತಕ್ಕದ್ದೆಂದು ಅಲ್ಲಿಯ ನಿಯಮ ವಿಧಿಸುತ್ತದೆ.

ಮೇಲೇರಿದ ಮೇಲೆ ಎಲ್ಲಿ ಬಾಗಿಲು ತೆರೆಯಬೇಕೆಂಬ ಪ್ರಶ್ನೆ. ಮೈದಾನದ ನೆತ್ತಿಯ ಮೇಲೆಯೇ ಇಳಿಸಿದರಾಯಿತೆಂದು ನೆಲದ ಮೇಲೆ ನಿಂತವನು ಭಾವಿಸಬಹುದು; ಆದರೆ ಗಾಳಿ ಅದಕ್ಕೆ ಒಪ್ಪುವುದಿಲ್ಲ. ಹತ್ತು ಸಾವಿರ ಅಡಿಯಿಂದ ಬಿದ್ದವನು ಹತ್ತು ಹನ್ನೆರಡು ಸೆಕೆಂಡುಗಳಲ್ಲಿ ಗಂಟೆಗೆ ಸುಮಾರು 190 ಕಿಲೋಮೀಟರಿನ ಸ್ಥಿರವೇಗವನ್ನು ಮುಟ್ಟಿ, ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಮುಕ್ತವಾಗಿ ಬೀಳುತ್ತಾನೆ. ಈ ಅವಧಿಯಲ್ಲಿ ಗಂಟೆಗೆ 37 ಕಿಲೋಮೀಟರು ವೇಗದ ಮಧ್ಯಮ ಗಾಳಿಯೇ ಬೀಸುತ್ತಿದ್ದರೂ ಅದು ಅವನನ್ನು ಮುನ್ನೂರೈವತ್ತು ಮೀಟರಿನಷ್ಟು ಪಕ್ಕಕ್ಕೆ ತಳ್ಳಿಬಿಡುತ್ತದೆ. ಪ್ಯಾರಾಚೂಟು ಬಿಚ್ಚಿಕೊಂಡ ಮೇಲಿನ ತೇಲಾಟ ಬೇರೆ. ಹಿಂದಿನವರು ಭಾರ ಕಟ್ಟಿದ ಬಣ್ಣದ ಕಾಗದದ ಪಟ್ಟಿಯನ್ನು ಮೊದಲು ಎಸೆದು, ಅದು ಬಿದ್ದ ಜಾಗವನ್ನು ನೋಡಿ, ಅಷ್ಟೇ ದೂರ ಗಾಳಿಗೆ ಎದುರಾಗಿ ಮುಂದೆ ಹೋಗಿ ಜನರನ್ನು ಇಳಿಸುತ್ತಿದ್ದರು; ಇಂದು ಜಿಪಿಎಸ್ ಯಂತ್ರವೂ, ಎತ್ತರೆತ್ತರದ ಗಾಳಿಯ ಮುನ್ಸೂಚನೆಯೂ ಆ ಕೆಲಸ ಮಾಡುತ್ತವೆ. ಇವೆಲ್ಲದರ ನಡುವೆ, ಜಿಗಿತಕ್ಕೆ ಕನಿಷ್ಠ ಐದು ನಿಮಿಷ ಮೊದಲು ವಾಯುಸಂಚಾರ ನಿಯಂತ್ರಕರಿಗೆ ರೇಡಿಯೋದಲ್ಲಿ ತಿಳಿಸುವುದನ್ನು ಪೈಲಟನು ಮರೆಯುವಂತಿಲ್ಲ.

ಬಾಗಿಲು ತೆರೆಯುವ ಆ ಕ್ಷಣವೇ ಈ ಕಸುಬಿನ ಹೃದಯ. ಜನರು ಹೊರಗೆ ಮೆಟ್ಟಿಲಿನ ಮೇಲೆ ಕಾಲಿಟ್ಟು ರೆಕ್ಕೆಯ ಆನುಗಂಬವನ್ನು ಹಿಡಿದು ನಿಲ್ಲಬೇಕಾದರೆ ವಿಮಾನದ ವೇಗವನ್ನು ಗಂಟೆಗೆ ಸುಮಾರು 130 ಕಿಲೋಮೀಟರಿಗೆ ಇಳಿಸಬೇಕು. ರೆಕ್ಕೆಗೆ ಎತ್ತುವ ಬಲ ಒದಗುವುದು ಗಾಳಿ ಅದರ ಮೈಗೆ ಅಂಟಿಕೊಂಡು ನಯವಾಗಿ ಹರಿದಾಗ. ವೇಗ ತಗ್ಗಿದಷ್ಟೂ, ಅದೇ ಭಾರವನ್ನು ಹೊರುವುದಕ್ಕೆ ರೆಕ್ಕೆಯು ಗಾಳಿಗೆ ಹೆಚ್ಚು ಹೆಚ್ಚು ಮುಖವೆತ್ತಿ ನಿಲ್ಲಬೇಕು. ಆ ಕೋನವು ಹದಿನೈದು ಹದಿನಾರು ಡಿಗ್ರಿಯ ಆಸುಪಾಸನ್ನು ದಾಟಿತೆಂದರೆ ಮೇಲ್ಮೈಯ ಪ್ರವಾಹ ಕಿತ್ತುಹೋಗಿ, ಎತ್ತುವ ಬಲ ಕುಸಿದು, ವಿಮಾನ ಮುಗ್ಗರಿಸುತ್ತದೆ. ಇದನ್ನೇ ‘ಸ್ಟಾಲ್’ ಎನ್ನುವುದು. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಂಥ ಮೆಲುವೇಗದಲ್ಲಿ ಇಬ್ಬರು ಮೂವರು ಬಲಗಡೆಯ ರೆಕ್ಕೆಯ ಅಡಿಯಲ್ಲಿ ತೂಗಿಕೊಂಡರೆ, ಅವರ ಭಾರದಿಂದ ವಿಮಾನ ಬಲಕ್ಕೆ ವಾಲುತ್ತದೆ, ಅವರ ಮೈಗೆ ಬಡಿಯುವ ಗಾಳಿಯ ತಡೆಯಿಂದ ಮೂಗು ಬಲಕ್ಕೆ ತಿರುಗುತ್ತದೆ. ಪೈಲಟನು ಎಡಗಾಲಿನಿಂದ ಚುಕ್ಕಾಣಿಯನ್ನು ಒತ್ತಿ ಅದನ್ನು ನೇರವಾಗಿ ಹಿಡಿದಿರಬೇಕು. ದೊಡ್ಡ ವಿಮಾನಗಳಲ್ಲಿ ಬಾಗಿಲು ಹಿಂದಿರುವುದರಿಂದ ಅಪಾಯದ ರೂಪ ಬೇರೆ: ಎಲ್ಲರೂ ಒಮ್ಮೆಲೇ ಹಿಂದಕ್ಕೆ ಒತ್ತರಿಸಿದರೆ ಗುರುತ್ವ ಕೇಂದ್ರ ಹಿಂದೆ ಸರಿದು ಬಾಲ ತೂಗಿ, ಮೂಗು ತಾನಾಗಿ ಮೇಲೆದ್ದು, ಸ್ಟಾಲ್ ಕರೆಯದೆಯೇ ಬರುತ್ತದೆ. ಪರಿಹಾರವೇನೆಂದರೆ ಮೂಗನ್ನು ಕೆಳಕ್ಕೆ ತಳ್ಳುವುದು. ಬೀಳುತ್ತಿರುವ ವಿಮಾನವನ್ನು ಮತ್ತಷ್ಟು ಕೆಳಕ್ಕೆ ತಳ್ಳುವುದೆಂದರೆ ಮನುಷ್ಯನ ಸಹಜ ಪ್ರವೃತ್ತಿಗೆ ವಿರುದ್ಧ. ಅಭ್ಯಾಸವಿಲ್ಲದ ಕೈ ಅದನ್ನು ಮಾಡಲೊಲ್ಲದು.

ಜನ ಧುಮುಕಿದ ಒಡನೆ ಮುನ್ನೂರು ಮುನ್ನೂರೈವತ್ತು ಕಿಲೋಗ್ರಾಮಿನ ಹೊರೆ ಇಳಿದ ವಿಮಾನ ಹಗುರಾಗಿ ಚಿಮ್ಮುತ್ತದೆ. ಕೆಳಗೆ ಮುಂದಿನ ನಾಲ್ವರು ಕಾಯುತ್ತಿರುತ್ತಾರೆ. ಬೇಗ ಇಳಿದಷ್ಟೂ ಲಾಭ. ಆದರೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿದ ಏರಿನಿಂದ ಕಾದು ಕೆಂಡವಾಗಿರುವ, ಗಾಳಿಯಿಂದಲೇ ತಣಿಯುವ ಸಿಲಿಂಡರುಗಳನ್ನು ನೆಲಕ್ಕಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ತಂಪಾಗಿರುವ ಆ ಗಾಳಿಯಲ್ಲಿ ಶಕ್ತಿಯನ್ನು ಪೂರ್ತಿ ತಗ್ಗಿಸಿ ಧುಮುಕಿಸಿದರೆ ಲೋಹ ಅಸಮವಾಗಿ ಕುಗ್ಗಿ ಬಿರುಕು ಬಿಟ್ಟೀತೆಂಬ ಭಯ ಹಳೆಯದು. ನಿಮಿಷಕ್ಕೆ 50 ಡಿಗ್ರಿ ಫ್ಯಾರನ್‌ಹೀಟಿಗಿಂತ ವೇಗವಾಗಿ ತಣಿಸಬೇಡಿರೆಂದು ಎಂಜಿನ್ ತಯಾರಕರಾದ ಲೈಕಮಿಂಗ್ ಸಂಸ್ಥೆ ಎಚ್ಚರಿಸಿದೆ; ಈ ಭಯ ಅತಿಶಯೋಕ್ತಿಯೆಂದು ವಾದಿಸುವ ಯಂತ್ರಜ್ಞರೂ ಇದ್ದಾರೆ. ಬಿಸಿ ಹಾಲಿನ ಗಾಜಿನ ಲೋಟವನ್ನು ತಣ್ಣೀರಿಗೆ ಇಳಿಸಿ ಪಾಠ ಕಲಿತಿರುವ ನಾನಂತೂ ತಯಾರಕರ ಪಕ್ಷವನ್ನೇ ಹಿಡಿಯುತ್ತೇನೆ. ಮತ್ತೊಂದು ಶತ್ರು ಕಾರ್ಬ್ಯುರೇಟರಿನ ಮಂಜುಗಡ್ಡೆ: ಇಂಧನ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ, ಹೊರಗೆ ಹಿತವಾದ ಹವೆಯಿದ್ದರೂ ತೇವಾಂಶವು ಅದರ ಕಿರುಗಂಟಲಲ್ಲಿ ಹೆಪ್ಪುಗಟ್ಟಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಆದುದರಿಂದ ಅನುಭವಿಯು ಬಿಸಿಗಾಳಿಯ ಗುಂಡಿಯನ್ನು ಎಳೆದು, ಸ್ವಲ್ಪ ಶಕ್ತಿಯನ್ನು ಉಳಿಸಿಕೊಂಡು, ಬೀಳುತ್ತಿರುವವರಿಂದ ದೂರವಾಗಿ ಸುತ್ತು ಹಾಕಿ ಇಳಿಯುತ್ತಾನೆ.

ಈ ಕೆಲಸ ನಿರಪಾಯವೆಂದು ಹೇಳುವಂತಿಲ್ಲ. 1980ರಿಂದ 2008ರವರೆಗೆ ಜಿಗಿತದ ವಿಮಾನಗಳ 32 ಅಪಘಾತಗಳಲ್ಲಿ 172 ಮಂದಿ ಸತ್ತರೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2008ರ ವರದಿಯಲ್ಲಿ ತಿಳಿಸಿ, ವಿಮಾನಗಳ ದುರಸ್ತಿಯ ಅಲಕ್ಷ್ಯವನ್ನೂ ಭಾರದ ಲೆಕ್ಕ ಹಾಕುವುದೇ ಮೊದಲಾದ ಪ್ರಾಥಮಿಕ ವಿಷಯಗಳಲ್ಲಿಯೇ ಪೈಲಟರು ತೋರಿದ ಉದಾಸೀನವನ್ನೂ ಕಾರಣಗಳೆಂದು ಎತ್ತಿ ತೋರಿಸಿತು. ಇದಕ್ಕೆ ವಿರುದ್ಧವಾಗಿ ದೈವ ಕೈಹಿಡಿದ ಒಂದು ಪ್ರಸಂಗವೂ ಉಂಟು. 2013ರ ನವೆಂಬರ್ 2ರಂದು ವಿಸ್ಕಾನ್ಸಿನ್ ಪ್ರಾಂತದ ಸುಪೀರಿಯರ್ ಪಟ್ಟಣದ ಮೇಲೆ, ಸುಮಾರು 12,000 ಅಡಿ ಎತ್ತರದಲ್ಲಿ ಒಂದರ ಹಿಂದೊಂದು ಹಾರುತ್ತಿದ್ದ ಎರಡು ಸೆಸ್ನಾಗಳು ಜಿಗಿತದ ಹೊತ್ತಿನಲ್ಲಿಯೇ ಡಿಕ್ಕಿ ಹೊಡೆದುವು. ಒಂದು ಬೆಂಕಿ ಹತ್ತಿ ಮುರಿದು ಬಿದ್ದಿತು. ಒಂಬತ್ತು ಮಂದಿ ಧುಮುಕುವವರೂ ಪಾರಾದರು. ಮುರಿದ ವಿಮಾನದ ಪೈಲಟನು ತಾನೂ ಪ್ಯಾರಾಚೂಟು ಧರಿಸಿದ್ದುದರಿಂದ ಹಾರಿಕೊಂಡನು. ಇನ್ನೊಬ್ಬನು ತನ್ನ ವಿಮಾನವನ್ನು ನಿಲ್ದಾಣಕ್ಕೆ ತಂದು ಇಳಿಸಿದನು. ಹನ್ನೊಂದು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಇಷ್ಟು ಹೇಳಿದ ಮೇಲೆ ಗಡಿಯಾರದ ಮಾತಿಗೆ ಹಿಂತಿರುಗಬೇಕು. 1500 ಗಂಟೆಯ ನಿಯಮ ಹುಟ್ಟಿದುದು 2009ರ ಫೆಬ್ರವರಿ 12ರ ರಾತ್ರಿ, ನ್ಯೂಯಾರ್ಕ್ ಪ್ರಾಂತದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನ ಒಂದು ಮನೆಯ ಮೇಲೆ ಬಿದ್ದು, ಒಳಗಿದ್ದ 49 ಮಂದಿಯೂ ನೆಲದ ಮೇಲಿದ್ದ ಒಬ್ಬರೂ ಮಡಿದ ದುರಂತದಿಂದ. 2010ರಲ್ಲಿ ಶಾಸನವಾಗಿ 2013ರಲ್ಲಿ ಅದು ಜಾರಿಗೆ ಬಂದಿತು. ಆದರೆ ಆ ವಿಮಾನದ ಕ್ಯಾಪ್ಟನಿಗೆ 3379 ಗಂಟೆಗಳೂ ಸಹಚಾಲಕಿಗೆ 2244 ಗಂಟೆಗಳೂ ಇದ್ದುವು. ಗಂಟೆಗಳಿಗೆ ಕೊರತೆಯಿರಲಿಲ್ಲ. ಸ್ಟಾಲ್ ಸಮೀಪಿಸಿತೆಂದು ಎಚ್ಚರಿಸುತ್ತ ಹಿಡಿಕೆ ನಡುಗಿದಾಗ ಕ್ಯಾಪ್ಟನು ಅದನ್ನು ಮುಂದಕ್ಕೆ ತಳ್ಳುವುದಕ್ಕೆ ಬದಲಾಗಿ ಹಿಂದಕ್ಕೆಳೆದನೆಂಬುದು ತನಿಖೆಯ ನಿರ್ಣಯ. ಎಂದರೆ, ಜಿಗಿತದ ಪೈಲಟನು ದಿನವೊಂದಕ್ಕೆ ಹತ್ತು ಸಲ ಯಾವುದರ ಅಂಚಿನಲ್ಲಿ ನಡೆಯುತ್ತಾನೆಯೋ ಅದೇ ಅಂಚು. ಒಂದೇ ಎತ್ತರದಲ್ಲಿ ಯಂತ್ರಕ್ಕೆ ಹಿಡಿತವನ್ನೊಪ್ಪಿಸಿ ಕಳೆದ ಗಂಟೆಯನ್ನೂ, ಎರಡು ಏರು, ಎರಡು ಇಳಿತ, ಎರಡು ಮೆಲುನಡೆಗಳಿಂದ ಕೂಡಿದ ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಲೆಕ್ಕದಲ್ಲಿ ಏನೋ ಊನವಿದೆಯೆಂದು ನನಗೆ ತೋರುತ್ತದೆ.

ಹಾಗೆಂದು ಜಿಗಿತದ ಗಂಟೆಗಳಿಗೆ ಸರ್ವಗುಣಗಳನ್ನೂ ಆರೋಪಿಸಲಾಗದು. ಜಿಗಿತದ ಪೈಲಟನು ಹಾರುವುದು ಹೆಚ್ಚಾಗಿ ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ, ಮೋಡದಿಂದ ದೂರವಾಗಿ. 1500ರೊಳಗೆ ಸೇರಿರಬೇಕಾದ 100 ರಾತ್ರಿ ಗಂಟೆಗಳೂ, ಕೇವಲ ಉಪಕರಣಗಳನ್ನು ನೋಡಿ ಹಾರಿದ 75 ಗಂಟೆಗಳೂ ಅವನಿಗೆ ಅಲ್ಲಿ ಸಿಕ್ಕುವುದು ದುರ್ಲಭ. ಎಲ್ಲಕ್ಕಿಂತ ವಿನೋದವಾದುದು ದೂರಪ್ರಯಾಣದ ಲೆಕ್ಕ: ಹೊರಟ ಸ್ಥಳದಿಂದ 50 ನಾಟಿಕಲ್ ಮೈಲಿಗೂ ಆಚೆ ಹೋದ ಹಾರಾಟಗಳಿಂದಲೇ 500 ಗಂಟೆ ಕೂಡಬೇಕೆಂದು ನಿಯಮ. ಕಪಿಲೆ ಬಾವಿಯ ಎತ್ತುಗಳು ಇಳಿಜಾರಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು ಸಂಜೆಗೆ ಹರದಾರಿಗಟ್ಟಲೆ ದಾರಿ ಸವೆಸಿದ್ದರೂ ಬಾವಿಯ ಕಟ್ಟೆಯನ್ನು ಬಿಟ್ಟು ಹೋಗಿರುವುದಿಲ್ಲವಷ್ಟೆ. ಹಾಗೆಯೇ ಸಾವಿರ ಗಂಟೆ ಹಾರಿದ ಜಿಗಿತದ ಪೈಲಟನ ಲಾಗ್ ಪುಸ್ತಕದ ಈ ಅಂಕಣದಲ್ಲಿ ಜಿಗಿತದ ಪಾಲು ಸೊನ್ನೆಯಾಗಿಯೇ ಉಳಿಯಬಹುದು.

ವಿಮಾನದಿಂದ ನಡೆದ ಮೊದಲ ಪ್ಯಾರಾಚೂಟ್ ಜಿಗಿತಗಳಲ್ಲಿ ಎಣಿಸಲಾಗುವ ಆಲ್ಬರ್ಟ್ ಬೆರ್ರಿಯ ಸಾಹಸವು 1912ರ ಮಾರ್ಚ್ 1ರಂದು ಸೇಂಟ್ ಲೂಯಿ ನಗರದ ಬಳಿ ನಡೆದಾಗ ಅವನನ್ನು ಮೇಲಕ್ಕೆ ಹೊತ್ತೊಯ್ದವನು ಟೋನಿ ಜಾನಸ್ ಎಂಬ ತರುಣ. ಅದೇ ಜಾನಸ್ 1914ರ ಜನವರಿ 1ರಂದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಿಂದ ಟ್ಯಾಂಪಾಕ್ಕೆ, ಹರಾಜಿನಲ್ಲಿ 400 ಡಾಲರು ಕೊಟ್ಟು ಟಿಕೆಟ್ಟು ಕೊಂಡ ಒಬ್ಬನೇ ಪ್ರಯಾಣಿಕನನ್ನು ಕೂರಿಸಿಕೊಂಡು, ವೇಳಾಪಟ್ಟಿಯಂತೆ ನಡೆಯುವ ವಿಮಾನ ಸಂಸ್ಥೆಯ ಮೊಟ್ಟಮೊದಲ ಹಾರಾಟವನ್ನು ನಡೆಸಿದನು. ಸೆಸ್ನಾ ಒಂದು ಲೋಡ್ ಹೊತ್ತು ಏರುವಷ್ಟೇ ಹೊತ್ತು, ಎಂದರೆ 23 ನಿಮಿಷ, ಹಿಡಿದ ಆ ಪ್ರಯಾಣದ ದೂರ ಕೊಲ್ಲಿಯ ಮೇಲೆ ಮೂವತ್ತು ಕಿಲೋಮೀಟರಿನ ಆಚೀಚೆ. ಇಂದಿನ ನಿಯಮದಂತೆ ಅದು ದೂರಪ್ರಯಾಣದ ಅಂಕಣಕ್ಕೆ ಸೇರುವುದಿಲ್ಲ.